ಕಬ್ಬಿಣದ ನಾಡಿನಲ್ಲಿ ಬಾಳೆಯ ಹೂವು

ಸಂಡೂರು ಸುತ್ತಿನ ಗುಡ್ಡಗಳಲ್ಲಿ ಸಿಗುವ ಕೆಂಪು ಅದಿರನ್ನು ಭೂವಿಜ್ಞಾನಿಗಳು ಹೆಮಟೈಟ್ ಎಂದು ಕರೆಯುತ್ತಾರೆ. ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವ ವಸ್ತುವನ್ನು ವೈದ್ಯರು ಹಿಮೋಗ್ಲೋಬಿನ್ ಎನ್ನುತ್ತಾರೆ. ಎರಡೂ ಹೆಸರುಗಳು ಹುಟ್ಟಿದ್ದು ರಕ್ತ ಎಂಬ ಅರ್ಥದ ಒಂದೇ ಗ್ರೀಕ್ ಪದದಿಂದ. ಎರಡರಲ್ಲೂ ಇರುವ ಲೋಹವೂ ಒಂದೇ, ಅದು ಕಬ್ಬಿಣ. ಆದರೆ ಗುಡ್ಡದ ಕಬ್ಬಿಣಕ್ಕೂ ಗುಡ್ಡದ ಬುಡದಲ್ಲಿ ಬದುಕುವವರ ರಕ್ತದ ಕಬ್ಬಿಣಕ್ಕೂ ಸಂಬಂಧವಿಲ್ಲ. ಮೊದಲನೆಯದು ಲಾರಿ, ರೈಲುಗಳನ್ನು ಹತ್ತಿ ಊರು ಬಿಟ್ಟು ಹೋಗುತ್ತದೆ. ಎರಡನೆಯದು ಊಟದ ತಟ್ಟೆಯಿಂದಲೇ ಬರಬೇಕು.

ಅದು ಸಾಕಷ್ಟು ಬರುತ್ತಿಲ್ಲ ಎನ್ನುವುದು ಸರ್ಕಾರದ ಅಂಕಿ ಅಂಶಗಳಿಂದಲೇ ತಿಳಿಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಶೇ 65.5. ಇಂಥ ಹೊತ್ತಿನಲ್ಲಿ ‘ಬಾಳೆಹೂವು ತಿನ್ನಿ, ರಕ್ತ ಹೆಚ್ಚುತ್ತದೆ’ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತಿದೆ. ಹೊಸಪೇಟೆ, ಹಂಪಿ, ಕಂಪ್ಲಿಯ ಸುತ್ತ ಬಾಳೆತೋಟಗಳಿಗೆ ಬರವಿಲ್ಲ. ಹೂವಿಗಂತೂ ಮೊದಲೇ ಬರವಿಲ್ಲ. ಹಾಗಾದರೆ ಯಶವಂತನಗರದ ಅಥವಾ ಸಂಡೂರಿನ ಒಬ್ಬ ಗೃಹಿಣಿ ಈ ಮಾತನ್ನು ನಂಬಬಹುದೇ? ಗೊನೆಯ ತುದಿಯಲ್ಲಿ ಜೋತುಬೀಳುವ ಆ ನೇರಳೆ ಬಣ್ಣದ ಮೂತಿಯಲ್ಲಿ ನಿಜವಾಗಿ ಇರುವುದೇನು? ಇದಕ್ಕೆ ಉತ್ತರ ಹುಡುಕಲು ಹೊರಟರೆ ವಿಜಯನಗರದ ಕಾಲುವೆಗಳಿಂದ ಹಿಡಿದು ಬ್ರಿಟಿಷರ ಕಾಲದ ಬರಗಾಲದವರೆಗೆ ಈ ಸೀಮೆಯ ಇತಿಹಾಸದ ಹಲವು ಪುಟಗಳನ್ನು ತಿರುವಬೇಕಾಗುತ್ತದೆ.

ನೀರು ತಂದ ಬೆಳೆ

ಬಾಳೆ ಬಳ್ಳಾರಿ ಸೀಮೆಯ ಸಹಜ ಬೆಳೆಯಲ್ಲ. ಇದು ಮಳೆ ಕಡಿಮೆ ಇರುವ ನಾಡು. ಜೋಳ, ಸಜ್ಜೆ, ನವಣೆ ಇಲ್ಲಿನ ಮಣ್ಣಿಗೂ ಮಳೆಗೂ ಒಗ್ಗಿದ ಧಾನ್ಯಗಳು. ಬಾಳೆಗಾದರೋ ವರ್ಷದ ಹನ್ನೆರಡು ತಿಂಗಳೂ ಬೇರಿನಲ್ಲಿ ತೇವವಿರಬೇಕು. ಮನುಷ್ಯ ಅದನ್ನು ಮೊದಲು ಒಗ್ಗಿಸಿಕೊಂಡದ್ದು ಮಳೆ ಧಾರಾಳವಾಗಿ ಸುರಿಯುವ ಆಗ್ನೇಯ ಏಷ್ಯಾ ಮತ್ತು ನ್ಯೂಗಿನಿಯ ಕಡೆಗಳಲ್ಲಿ. ನ್ಯೂಗಿನಿಯ ಕುಕ್ ಎಂಬ ಜೌಗು ಪ್ರದೇಶದಲ್ಲಿ ಸುಮಾರು ಏಳು ಸಾವಿರ ವರ್ಷಗಳ ಹಿಂದೆಯೇ ಬಾಳೆ ಕೃಷಿ ನಡೆದಿತ್ತು ಎನ್ನಲು ಪುರಾತತ್ತ್ವಜ್ಞರಿಗೆ ಕುರುಹುಗಳು ಸಿಕ್ಕಿವೆ. ಅಂಥ ಬೆಳೆ ಬಂಡೆಗಳೇ ತುಂಬಿದ ಹಂಪಿಯ ನಡುವೆ ಹಸಿರಾಗಿ ನಿಂತಿದೆಯೆಂದರೆ ಅದಕ್ಕೆ ಕಾರಣ ತುಂಗಭದ್ರೆ ಮತ್ತು ಆ ನದಿಯ ನೀರನ್ನು ಬಂಡೆಗಳ ಸಂದಿಯಲ್ಲಿ ನಡೆಸಿಕೊಂಡು ಬಂದ ಜನ.

ವಿಜಯನಗರದ ಅರಸರು ನದಿಗೆ ಅಡ್ಡಲಾಗಿ ಕಲ್ಲಿನ ಅಣೆಕಟ್ಟುಗಳನ್ನು ಕಟ್ಟಿ ಎರಡೂ ದಡಗಳಿಗೆ ಕಾಲುವೆಗಳನ್ನು ತೆಗೆಸಿದರು. ತುರ್ತು ಕಾಲುವೆ, ರಾಯ ಕಾಲುವೆ, ಬಸವಣ್ಣ ಕಾಲುವೆ, ರಾಮಸಾಗರ ಕಾಲುವೆ, ಕಂಪ್ಲಿ ಕಾಲುವೆ ಎಂದು ಇಂದಿಗೂ ರೈತರ ಬಾಯಲ್ಲಿರುವ ಹೆಸರುಗಳು ಆ ಕಾಲದವು. ಬಸವಣ್ಣ ಕಾಲುವೆಗೆ ನೀರು ಕೊಟ್ಟ ವಲ್ಲಭಾಪುರದ ಅಣೆಯನ್ನು ಕಟ್ಟಿದ್ದು ಕೃಷ್ಣದೇವರಾಯನ ಕಾಲದಲ್ಲಿ, 1521ರಲ್ಲಿ. ಹಂಪಿಯ ದೇವಾಲಯಗಳಿಗೂ ಅರಮನೆಯ ಆವರಣಕ್ಕೂ ನಡುವಿನ ತಗ್ಗಿನಲ್ಲಿ ತುರ್ತು ಕಾಲುವೆ ಹರಿಯುತ್ತದೆ. 1980ರ ದಶಕದಿಂದ ಇಲ್ಲಿ ಸಮೀಕ್ಷೆ ನಡೆಸಿದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಈ ಭಾಗವನ್ನು ‘ನೀರಾವರಿ ಕಣಿವೆ’ ಎಂದೇ ಗುರುತಿಸಿದರು. ರಾಜಧಾನಿಯ ನಟ್ಟನಡುವೆ ಗದ್ದೆ ತೋಟಗಳಿದ್ದ ನಗರ ಅದು. 1443ರಲ್ಲಿ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ಕೂಡ ಹೊರಗಿನ ಕೋಟೆ ಗೋಡೆಗಳ ನಡುವೆ ಹೊಲ, ತೋಟ, ಮನೆಗಳನ್ನು ಕಂಡದ್ದಾಗಿ ಬರೆದಿದ್ದಾನೆ.

ಈ ನೀರಾವರಿ ಎಲ್ಲರ ಹೊಟ್ಟೆಯನ್ನೂ ಒಂದೇ ರೀತಿ ತುಂಬಿಸಲಿಲ್ಲ ಎನ್ನುವುದನ್ನೂ ಇಲ್ಲಿ ಹೇಳಬೇಕು. ವಿಜಯನಗರದ ಕೃಷಿಯನ್ನು ಕುರಿತು 1995ರಲ್ಲಿ ಗ್ರಂಥ ಪ್ರಕಟಿಸಿದ ಪುರಾತತ್ತ್ವಜ್ಞೆ ಕ್ಯಾಥ್ಲೀನ್ ಮಾರಿಸನ್, ಕಾಲುವೆಯ ತರಿ ಭೂಮಿ ಮತ್ತು ಮಳೆ ನಂಬಿದ ಖುಷ್ಕಿ ಭೂಮಿಗಳನ್ನು ಎರಡು ಬೇರೆ ಲೋಕಗಳಂತೆ ನೋಡಬೇಕಾಗುತ್ತದೆ ಎಂದು ತೋರಿಸಿಕೊಟ್ಟರು. ಭತ್ತ, ಕಬ್ಬು, ತೆಂಗು, ವೀಳ್ಯದೆಲೆ, ಬಾಳೆಗಳು ತರಿ ಭೂಮಿಯವು. ದೇವಾಲಯದ ನೈವೇದ್ಯ, ಅರಮನೆಯ ಭೋಜನ, ಪೇಟೆಯ ವ್ಯಾಪಾರ ಇವುಗಳ ದಿಕ್ಕಿಗೆ ಅವು ಸಾಗುತ್ತಿದ್ದವು. ಬಹುಪಾಲು ಜನ ಉಂಡದ್ದು ಖುಷ್ಕಿ ಹೊಲದ ಕಾಳುಗಳನ್ನು. ಸಂಡೂರಿನ ಗುಡ್ಡಗಾಡಿನ ಹಳ್ಳಿಗಳಲ್ಲಂತೂ ಕಾಲುವೆಯ ನೀರೇ ಇರಲಿಲ್ಲ. ಅಲ್ಲಿನವರಿಗೆ ನಾರಿಹಳ್ಳ, ಕೆರೆ, ಬಾವಿಗಳೇ ಗತಿ. ಗುಡ್ಡದ ಈಚೆಗೆ ರೊಟ್ಟಿ, ಆಚೆಗೆ ಬಾಳೆ ಎಂಬ ಈ ಭೇದ ಬಹಳ ಹಳೆಯದು.

1565ರಲ್ಲಿ ರಕ್ಕಸತಂಗಡಿ ಯುದ್ಧದ ನಂತರ ರಾಜಧಾನಿ ಹಾಳಾಯಿತು. ಅರಮನೆಗಳು ಉರಿದವು, ಪೇಟೆಗಳು ಬರಿದಾದವು. ಕಾಲುವೆಗಳು ಮಾತ್ರ ಉಳಿದವು. ರಾಜರು ಹೋದ ಮೇಲೂ ರೈತರಿಗೆ ನೀರು ಬೇಕಿತ್ತು, ಆದ್ದರಿಂದ ಹೂಳೆತ್ತುವ ಕೆಲಸ ನಡೆಯುತ್ತಲೇ ಬಂತು. 1953ರಲ್ಲಿ ತುಂಗಭದ್ರಾ ಜಲಾಶಯ ಪೂರ್ಣಗೊಂಡಾಗ ವಲ್ಲಭಾಪುರದ ಅಣೆ ಅದರ ನೀರಿನಡಿ ಮುಳುಗಿತು. ಆದರೆ ರಾಯ, ಬಸವಣ್ಣ ಕಾಲುವೆಗಳಿಗೆ ಜಲಾಶಯದಿಂದಲೇ ನೀರು ಬಿಡುವ ಏರ್ಪಾಟಾಯಿತು. ಹೀಗೆ ಹಂಪಿಯ ಪಕ್ಕದ ಕಮಲಾಪುರ, ಹೊಸಪೇಟೆ, ಆನೆಗೊಂದಿ, ಕಂಪ್ಲಿಗಳ ಬಾಳೆತೋಟ ಇವತ್ತಿಗೂ ಐದಾರು ಶತಮಾನಗಳ ಹಿಂದಿನ ಹಾದಿಯಲ್ಲಿ ಬಂದ ನೀರನ್ನು ಕುಡಿಯುತ್ತಿದೆ. ಇಲ್ಲಿ ಹೆಚ್ಚಾಗಿ ಕಾಣುವುದು ಸುಗಂಧಿ ಮತ್ತು ಏಲಕ್ಕಿ ಬಾಳೆ. ಭೌಗೋಳಿಕ ಗುರುತು ಪಡೆದ ‘ಕಮಲಾಪುರದ ಕೆಂಪುಬಾಳೆ’ ಈ ಕಮಲಾಪುರದ್ದಲ್ಲ, ಕಲಬುರಗಿ ಜಿಲ್ಲೆಯ ಕಮಲಾಪುರದ್ದು. ಹೆಸರು ಒಂದೇ ಆದ್ದರಿಂದ ಎಷ್ಟೋ ಜನ ಮೋಸ ಹೋಗುತ್ತಾರೆ.

ಹೂವೆಂದರೆ ಯಾವುದು?

ಬಾಳೆಹೂವು ಎಂದು ನಾವು ಕರೆಯುವುದು ಒಂದು ಹೂವಲ್ಲ, ಅದೊಂದು ದೊಡ್ಡ ಹೂಗೊಂಚಲು. ನೇರಳೆ ಬಣ್ಣದ ದಪ್ಪ ಎಸಳುಗಳು ಒಂದರ ಮೇಲೊಂದು ಮಡಿಸಿಕೊಂಡಿರುತ್ತವೆ. ಪ್ರತಿ ಎಸಳಿನ ಬುಡದಲ್ಲಿ ಬೆರಳುಗಳಂತೆ ಸಾಲಾಗಿ ಪುಟ್ಟ ಹೂಗಳಿರುತ್ತವೆ. ಮೊದಲು ಬಿಚ್ಚಿಕೊಳ್ಳುವ ಎಸಳುಗಳಡಿಯ ಹೂಗಳು ಹೆಣ್ಣು. ಪರಾಗಸ್ಪರ್ಶವಿಲ್ಲದೆಯೇ ಅವು ಕಾಯಾಗುತ್ತವೆ, ಒಂದೊಂದು ಸಾಲೂ ಒಂದೊಂದು ಚಿಪ್ಪಾಗುತ್ತದೆ. ಆ ಬಳಿಕ ಬರುವವು ಗಂಡು ಹೂಗಳು. ಅವು ಕಾಯಾಗುವುದಿಲ್ಲ. ದಿನಕ್ಕೊಂದೆರಡು ಎಸಳು ಕಳಚಿ ಬೀಳುತ್ತ, ದಂಟು ಉದ್ದವಾಗುತ್ತ, ತುದಿಯಲ್ಲಿ ಹೃದಯದ ಆಕಾರದ ಮೊಗ್ಗು ಉಳಿಯುತ್ತದೆ. ನಾವು ಅಡುಗೆಗೆ ಬಳಸುವುದು ಇದನ್ನೇ.

ಇಲ್ಲೊಂದು ಮುಖ್ಯ ಸಂಗತಿಯಿದೆ. ಕೊನೆಯ ಚಿಪ್ಪು ಮೂಡಿದ ಮೇಲೆ ಈ ಮೊಗ್ಗಿನಿಂದ ಗೊನೆಗೆ ಯಾವ ಉಪಕಾರವೂ ಇಲ್ಲ. ಬದಲಿಗೆ ಕಾಯಿಗೆ ಹೋಗಬೇಕಾದ ಸಾರವನ್ನು ಅದು ಹೀರಿಕೊಳ್ಳುತ್ತದೆ, ಕೀಟಗಳಿಗೆ ಆಶ್ರಯ ಕೊಡುತ್ತದೆ. ಆದ್ದರಿಂದ ತಿಳಿದ ರೈತರು ಅದನ್ನು ಮುರಿದುಹಾಕುತ್ತಾರೆ. ತೋಟಗಾರಿಕೆ ಇಲಾಖೆಗಳೂ ಇದನ್ನೇ ಶಿಫಾರಸು ಮಾಡುತ್ತವೆ. 2001ರ ನಂತರ ಉಗಾಂಡ ಮತ್ತು ಸುತ್ತಲ ದೇಶಗಳಲ್ಲಿ ಬಾಳೆಯ ಸೊರಗು ರೋಗ ಹಬ್ಬಿದಾಗ, ಹೂವಿಗೆ ಬರುವ ಕೀಟಗಳು ಸೋಂಕು ಹರಡುತ್ತವೆ ಎಂದು ತಿಳಿದು, ಮೊಗ್ಗನ್ನು ಕವೆಗೋಲಿನಿಂದ ಮುರಿಯುವುದನ್ನೇ ಅಲ್ಲಿನ ರೈತರಿಗೆ ಮೊದಲ ಮದ್ದಾಗಿ ಕಲಿಸಲಾಯಿತು. ಅಂದರೆ ಹೂವನ್ನು ತಿಂದರೆ ಹಣ್ಣು ಕಡಿಮೆಯಾಗುವುದಿಲ್ಲ. ಮಾವಿನ ಹೂವಿಗೆ ಈ ಮಾತು ಸಲ್ಲದು.

ಆರಡಿಗೆ ಆರಡಿ ಅಂತರದಲ್ಲಿ ನೆಟ್ಟರೆ ಒಂದು ಎಕರೆಗೆ 1,210 ಗಿಡ ಹಿಡಿಯುತ್ತವೆ. ಗಿಡಕ್ಕೊಂದು ಗೊನೆ, ಗೊನೆಗೊಂದು ಮೂತಿ. ಒಂದೊಂದರಿಂದ ಕಾಲು ಕಿಲೋ ತಿನ್ನುವ ಭಾಗ ಸಿಕ್ಕಿತೆಂದು ಹಿಡಿದರೂ ಎಕರೆಗೆ ಮುನ್ನೂರು ಕಿಲೋ ತರಕಾರಿ. ಇದಕ್ಕೆ ಬೇರೆ ನೀರು ಬೇಡ, ಗೊಬ್ಬರ ಬೇಡ. ಅದು ಬಹುಪಾಲು ತೋಟದಲ್ಲೇ ಬಿದ್ದು ಕೊಳೆಯುತ್ತದೆ, ಇಲ್ಲವೇ ದನದ ಬಾಯಿ ಸೇರುತ್ತದೆ.

ಅಡುಗೆಮನೆಯ ಹಳೆಯ ಪರಿಚಯ

ಹಾಗೆಂದು ಕನ್ನಡಿಗರಿಗೆ ಬಾಳೆಹೂವಿನ ಪರಿಚಯವಿರಲಿಲ್ಲವೇ? ಧಾರಾಳವಾಗಿ ಇತ್ತು. ಕೃಷ್ಣದೇವರಾಯ ಹಂಪಿಯಲ್ಲಿ ಆಳುತ್ತಿದ್ದ ಆಸುಪಾಸಿನ ವರ್ಷಗಳಲ್ಲಿ, ಮೈಸೂರು ಸೀಮೆಯ ಕಲ್ಲಹಳ್ಳಿಯ ಜೈನ ಪ್ರಭು ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಎಂಬ ಅಡುಗೆಯ ಗ್ರಂಥವನ್ನು ಷಟ್ಪದಿಯಲ್ಲಿ ಬರೆದ. ‘ಸಮ್ಯಕ್ತ್ವ ಕೌಮುದಿ’, ‘ಜಯನೃಪ ಕಾವ್ಯ’ಗಳಂಥ ಕೃತಿಗಳನ್ನು ರಚಿಸಿದ ಕವಿ ಈತ. ಭಕ್ಷ್ಯ, ಪಾನಕ, ಅನ್ನದ ಬಗೆಗಳ ಜೊತೆಗೆ ಬದನೆ, ಹಲಸು, ಬಿದಿರಿನ ಕಳಲೆಗಳ ಅಡುಗೆಯನ್ನು ವಿವರಿಸುವಾಗ ಬಾಳೆಕಾಯಿ ಮತ್ತು ಬಾಳೆಹೂವುಗಳಿಗೂ ಆತ ಸ್ಥಾನ ಕೊಟ್ಟಿದ್ದಾನೆ. ಹಸಿದವರ ಪಾಲಿನ ಕೊನೆಯ ಗತಿ ಎಂಬಂತೆ ಅಲ್ಲ, ರಸಿಕರ ಊಟದ ಪದಾರ್ಥವಾಗಿ. ಅದಕ್ಕೂ ಹಿಂದೆ, 11ನೇ ಶತಮಾನದ ಚಾಲುಕ್ಯರ ಕಾಲದಲ್ಲಿ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿಯೂ ಪಾಕಶಾಸ್ತ್ರದ ಭಾಗವಿದೆ. ಕನ್ನಡದಲ್ಲಿ ಅಡುಗೆಯನ್ನು ಶಾಸ್ತ್ರವೆಂದು ಕಂಡ ಪರಂಪರೆ ಸಾವಿರ ವರ್ಷದಷ್ಟು ಹಿಂದಿನದು.

ಈ ಪರಂಪರೆ ಇಂದು ಗಟ್ಟಿಯಾಗಿ ಉಳಿದಿರುವುದು ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮತ್ತು ಹಳೇ ಮೈಸೂರಿನ ಕೆಲವು ಭಾಗಗಳಲ್ಲಿ. ಒಂದೆಡೆ ಬಾಳೆಮೂತಿ, ಇನ್ನೊಂದೆಡೆ ಬಾಳೆಕುಂಡಿಗೆ, ತುಳುನಾಡಿನಲ್ಲಿ ಪೂಂಬೆ. ಪಲ್ಯ, ಗೊಜ್ಜು, ಚಟ್ನಿ, ತಂಬುಳಿ, ವಡೆ ಎಂದು ಬಗೆಗಳೂ ಹಲವು. ನೆರೆಯ ತಮಿಳರು ಹೂವಿನ ವಡೆಯನ್ನೂ ಕೇರಳದವರು ತೆಂಗಿನತುರಿ ಬೆರೆಸಿದ ಪಲ್ಯವನ್ನೂ ಮೆಚ್ಚುತ್ತಾರೆ. ಸಂಸ್ಕೃತದಲ್ಲಿ ಬಾಳೆಗೆ ಕದಲಿ, ರಂಭಾ ಎಂಬಂತೆ ಮೋಚಾ ಎಂಬ ಹೆಸರೂ ಉಂಟು. ಬಂಗಾಳದಲ್ಲಿ ಅದೇ ಪದ ಇಂದು ಹೂವಿಗೆ ಮಾತ್ರ ಮೀಸಲಾಗಿದೆ. ಅಲ್ಲಿನ ಮೋಚಾ ಪಲ್ಯ ಹಬ್ಬದ ಊಟದ ಮರ್ಯಾದೆ ಪಡೆದದ್ದು. ಶ್ರೀಲಂಕಾ, ವಿಯೆಟ್ನಾಂ, ಫಿಲಿಪೀನ್ಸ್‌ಗಳಲ್ಲೂ ಇದು ದಿನಬಳಕೆಯ ತರಕಾರಿ.

ಬಯಲುಸೀಮೆಯಲ್ಲಿ ಅದು ಅಷ್ಟಾಗಿ ಬೇರೂರದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಮಲೆನಾಡಿನಲ್ಲಿ ಬಾಳೆ ಹಿತ್ತಲ ಗಿಡ. ಗೊನೆ ಬಿಟ್ಟಾಗ ಮನೆಯ ಹೆಂಗಸೇ ಹೋಗಿ ಮೂತಿ ಮುರಿದು ತರುತ್ತಾಳೆ. ಹೊಸಪೇಟೆಯ ಸುತ್ತ ಬಾಳೆ ಪೇಟೆಗೆ ಹೋಗುವ ಬೆಳೆ. ಅದನ್ನು ಕತ್ತರಿಸುವವರು, ತೂಗುವವರು, ಸಾಗಿಸುವವರೆಲ್ಲ ಗೊನೆಯನ್ನಷ್ಟೇ ನೋಡುತ್ತಾರೆ. ತೋಟದಿಂದ ಅಡುಗೆಮನೆಗೆ ನೇರ ದಾರಿಯಿಲ್ಲದ ಕಡೆ ಹೂವು ದಾರಿ ತಪ್ಪುತ್ತದೆ. ಇದರ ಜೊತೆಗೆ ಬಿಡಿಸುವ ತಾಪತ್ರಯ ಬೇರೆ. ಪ್ರತಿ ಪುಟ್ಟ ಹೂವಿನಿಂದಲೂ ಬೇಯದ ಗಟ್ಟಿ ಕಡ್ಡಿಯನ್ನೂ ಪೊರೆಯಂಥ ಸಣ್ಣ ಎಸಳನ್ನೂ ತೆಗೆಯಬೇಕು. ಸೊನೆ ಕೈಗೆ ಅಂಟದಂತೆ ಎಣ್ಣೆ ಸವರಿಕೊಳ್ಳಬೇಕು. ಹೆಚ್ಚಿದ ಕೂಡಲೇ ಮಜ್ಜಿಗೆ ಬೆರೆಸಿದ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದೆ, ಒಗರು ಉಳಿಯುತ್ತದೆ.

ಈ ಮಜ್ಜಿಗೆಯ ಉಪಾಯದ ಹಿಂದೆ ಒಳ್ಳೆಯ ರಸಾಯನಶಾಸ್ತ್ರವಿದೆ. ಬಾಳೆಹೂವಿನಲ್ಲಿ ಟ್ಯಾನಿನ್ ಮೊದಲಾದ ಒಗರಿನ ವಸ್ತುಗಳು ಹೇರಳವಾಗಿವೆ. ಹೆಚ್ಚಿದಾಗ ಗಾಳಿಯ ಆಮ್ಲಜನಕ ತಗುಲಿ, ಹೂವಿನಲ್ಲಿಯೇ ಇರುವ ಕಿಣ್ವದ ಮೂಲಕ ಅವು ಕಂದು ಬಣ್ಣಕ್ಕೆ ತಿರುಗುತ್ತವೆ. ಹುಳಿಯಲ್ಲಿ ಆ ಕಿಣ್ವದ ಆಟ ನಡೆಯುವುದಿಲ್ಲ. ಒಗರಿನ ಸ್ವಲ್ಪ ಭಾಗ ನೀರಿಗೆ ಬಿಟ್ಟುಕೊಂಡು ಹೋಗುತ್ತದೆ. ಟ್ಯಾನಿನ್ ನಮ್ಮ ಕರುಳಿನಲ್ಲಿ ಆಹಾರದ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರದಂತೆ ಮಾಡುವ ವಸ್ತು. ಬಣ್ಣ, ರುಚಿಗಾಗಿ ಅಜ್ಜಿಯರು ಮಾಡಿದ ಕೆಲಸ ಆರೋಗ್ಯಕ್ಕೂ ಅನುಕೂಲವಾಯಿತೆನ್ನಬೇಕು.

ಬರಗಾಲದಿಂದ ಹುಟ್ಟಿದ ಲೆಕ್ಕ

ಒಂದು ತರಕಾರಿಯಲ್ಲಿ ಯಾವ ಸತ್ವ ಎಷ್ಟಿದೆ ಎಂದು ಅಳೆಯುವ ವಿದ್ಯೆ ನಮ್ಮಲ್ಲಿಗೆ ಬಂದ ಕಥೆಗೂ ಬಳ್ಳಾರಿ ಸೀಮೆಗೂ ನಂಟಿದೆ. 1876-78ರ ಮಹಾ ಬರಗಾಲದಲ್ಲಿ ಮದ್ರಾಸ್ ಪ್ರಾಂತ್ಯದ ತೀವ್ರ ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆ ಜಿಲ್ಲೆಯ ನಡುವೆ ದ್ವೀಪದಂತೆ ಇದ್ದ ಸಂಡೂರು ಆಗ ಘೋರ್ಪಡೆ ಮನೆತನದ ಚಿಕ್ಕ ಸಂಸ್ಥಾನ. ಬರ ಪರಿಹಾರದ ಕೂಲಿಗಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ ಕೊಳ್ಳುವಷ್ಟು ಹಣ ಮತ್ತು ಅದರ ಮೇಲೆ ಒಂದಿಷ್ಟು ಪುಡಿಗಾಸು ಸಾಕು ಎಂದು 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ನಿಗದಿ ಮಾಡಿದ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾ. ಕಾರ್ನಿಷ್ ಇದನ್ನು ಕಟುವಾಗಿ ವಿರೋಧಿಸಿದ. ದುಡಿಯುವ ದೇಹಕ್ಕೆ ಅಷ್ಟು ಧಾನ್ಯ ಸಾಲದು, ಬರಿಯ ಧಾನ್ಯವೂ ಸಾಲದು, ಬೇಳೆ ತರಕಾರಿಗಳು ಬೇಕೇಬೇಕು ಎನ್ನುವುದು ಅವನ ವಾದ. ಕೆಲವೇ ತಿಂಗಳಲ್ಲಿ ಸರ್ಕಾರ ಕೂಲಿಯ ಪ್ರಮಾಣವನ್ನು ಏರಿಸಬೇಕಾಯಿತು. ಅಷ್ಟರಲ್ಲಿ ಸತ್ತವರು ಸತ್ತಿದ್ದರು. ಹೊಟ್ಟೆ ತುಂಬುವುದು ಬೇರೆ, ಪೋಷಣೆ ಬೇರೆ ಎಂಬ ಮಾತು ಈ ನೆಲದಲ್ಲಿ ಸರ್ಕಾರಿ ಕಡತ ಸೇರಿದ್ದು ಹೀಗೆ, ಹೆಣಗಳ ನಡುವೆ.

ನಲವತ್ತು ವರ್ಷಗಳ ನಂತರ, 1918ರಲ್ಲಿ, ರಾಬರ್ಟ್ ಮೆಕ್ಯಾರಿಸನ್ ನೀಲಗಿರಿಯ ಕೂನೂರಿನಲ್ಲಿ ಬೆರಿಬೆರಿ ರೋಗದ ಸಂಶೋಧನೆಗೆಂದು ಪುಟ್ಟ ಪ್ರಯೋಗಾಲಯ ಆರಂಭಿಸಿದ. ಅವನ ಉತ್ತರಾಧಿಕಾರಿ ಆಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೌಷ್ಟಿಕ ಮೌಲ್ಯದ ಕೈಪಿಡಿಯೊಂದನ್ನು ಹೊರತಂದ. ಆ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು. ಸಿ. ಗೋಪಾಲನ್ ಮತ್ತು ಸಂಗಡಿಗರು 1971ರಲ್ಲಿ ಪ್ರಕಟಿಸಿದ ಕೋಷ್ಟಕಗಳು ನಮ್ಮ ವೈದ್ಯರಿಗೂ ಅಂಗನವಾಡಿ ಯೋಜನೆಗಳಿಗೂ ದಶಕಗಳ ಕಾಲ ಆಧಾರವಾದವು. ಅವುಗಳಲ್ಲಿ ಬಾಳೆಹೂವಿಗೂ ಒಂದು ಸಾಲು ಇದೆ.

ಆ ಸಾಲು ಹೇಳುವುದೇನು?

ಹಸಿ ಬಾಳೆಹೂವಿನ 100 ಗ್ರಾಂ ತೂಕದಲ್ಲಿ ಸುಮಾರು 90 ಗ್ರಾಂ ನೀರೇ ಇದೆ. ಉಳಿದದ್ದರಲ್ಲಿ ಸಸಾರಜನಕ 1.7 ಗ್ರಾಂ, ಕೊಬ್ಬು 0.7 ಗ್ರಾಂ, ಶರ್ಕರಪಿಷ್ಟ 5.1 ಗ್ರಾಂ. ಶಕ್ತಿ ಕೇವಲ 34 ಕ್ಯಾಲೊರಿ. ಸುಣ್ಣದ ಅಂಶ 32 ಮಿಲಿಗ್ರಾಂ, ರಂಜಕ 42 ಮಿಲಿಗ್ರಾಂ, ಸಿ ಜೀವಸತ್ವ 16 ಮಿಲಿಗ್ರಾಂ. ಎಲ್ಲರೂ ಕೇಳುವ ಕಬ್ಬಿಣ 1.6 ಮಿಲಿಗ್ರಾಂ.

ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು. ಒಂದು ಬಟ್ಟಲು ಬಾಳೆಹೂವಿನ ಪಲ್ಯ ಅದರ ಹದಿನೆಂಟನೇ ಒಂದು ಭಾಗವನ್ನಷ್ಟೇ ಪೂರೈಸುತ್ತದೆ. ಅದೇ ಕೋಷ್ಟಕದಲ್ಲಿ 100 ಗ್ರಾಂ ಜೋಳಕ್ಕೆ 4.1, ಸಜ್ಜೆಗೆ 8 ಮಿಲಿಗ್ರಾಂ ಕಬ್ಬಿಣ ಎಂದಿದೆ. ಅಂದರೆ ಕಬ್ಬಿಣದ ವಿಷಯದಲ್ಲಿ ಗುಡ್ಡದ ಈಚೆಯ ರೊಟ್ಟಿಯೇ ಆಚೆಯ ಹೂವಿಗಿಂತ ಬಲವಾದದ್ದು!

ಆದರೂ ಬಾಳೆಹೂವಿನಲ್ಲಿ 56 ಮಿಲಿಗ್ರಾಂ ಕಬ್ಬಿಣವಿದೆ ಎನ್ನುವ ಪಟ್ಟಿಯೊಂದು ಇತ್ತೀಚಿನ ವರ್ಷಗಳಲ್ಲಿ ಎಲ್ಲೆಡೆ ಹರಿದಾಡುತ್ತಿದೆ. ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ, ಗುಣಾಕಾರ ಸಾಕು. ಹೂವಿನಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ನೀರನ್ನೆಲ್ಲ ಆರಿಸಿ ಪುಡಿ ಮಾಡಿದರೂ ಸತ್ವಗಳು ಹತ್ತು ಪಟ್ಟು ಸಾಂದ್ರವಾಗಬಹುದು. ಆಗಲೂ ಕಬ್ಬಿಣ 16 ಮಿಲಿಗ್ರಾಂ ಆಗುತ್ತದೆಯೇ ಹೊರತು 56 ಆಗುವುದಿಲ್ಲ. ಹಸಿ ಹೂವಿನಲ್ಲಿ ಅಷ್ಟು ಇರುವುದಂತೂ ನಂಬಲಾಗದ ಮಾತು. ಮಣ್ಣಿಗೆ, ತಳಿಗೆ, ಅಳೆಯುವ ಕ್ರಮಕ್ಕೆ ತಕ್ಕಂತೆ ಅಂಕಿ ಸ್ವಲ್ಪ ಹೆಚ್ಚು ಕಡಿಮೆಯಾಗುವುದು ಸಹಜ. ಮೂವತ್ತೈದು ಪಟ್ಟು ಹೆಚ್ಚಾಗುವುದು ಸಹಜವಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಬಸುರಿ ಹೆಣ್ಣುಮಗಳೊಬ್ಬಳು ಈ ಅಂಕಿಯನ್ನು ನಂಬಿ, ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬದಿಗಿಟ್ಟು ಬಾಳೆಹೂವಿನ ಪಲ್ಯ ತಿಂದರೆ, ಆ ತಪ್ಪು ಅಂಕಿಯ ಬೆಲೆಯನ್ನು ತೆರುವವಳು ಅವಳೇ.

ಹಾಗಾದರೆ ಬಾಳೆಹೂವು ಕೆಲಸಕ್ಕೆ ಬಾರದ್ದೇ? ಖಂಡಿತ ಅಲ್ಲ. ಅದರ ಹಿರಿಮೆ ಬೇರೆ ಕಡೆ ಇದೆ. ಮೊದಲನೆಯದು ನಾರು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ 1950ರಲ್ಲಿ ಆರಂಭವಾದ ಸಂಸ್ಥೆ. ಅಲ್ಲಿನ ವಿಜ್ಞಾನಿಗಳು ನಮ್ಮದೇ ಏಲಕ್ಕಿ ಬಾಳೆಯ ಹೂವು ಮತ್ತು ದಿಂಡುಗಳನ್ನು ಪರೀಕ್ಷಿಸಿ 2011 ಮತ್ತು 2012ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದರು. ಹೂವಿನಲ್ಲಿ ನಾರಿನಂಶವೂ ದೇಹದ ಜೀವಕೋಶಗಳನ್ನು ಕಾಯುವ ಫಿನಾಲಿಕ್ ವಸ್ತುಗಳೂ ಹೇರಳವಾಗಿರುವುದು ಕಂಡುಬಂತು. ಮಧುಮೇಹ ಉಂಟುಮಾಡಿದ ಇಲಿಗಳಿಗೆ ಇವನ್ನು ತಿನ್ನಿಸಿದಾಗ ರಕ್ತದ ಸಕ್ಕರೆ ಹತೋಟಿಗೆ ಬರಲು ನೆರವಾಯಿತು. ಇಲಿಗೆ ಒಗ್ಗಿದ್ದೆಲ್ಲ ಮನುಷ್ಯನಿಗೂ ಹಾಗೆಯೇ ಆಗುತ್ತದೆ ಎನ್ನಲಾಗದು. ಆದ್ದರಿಂದ ಇದನ್ನು ಮಧುಮೇಹದ ಔಷಧಿ ಎನ್ನುವುದು ಅವಸರವಾದೀತು. ಆದರೆ ಕಡಿಮೆ ಕ್ಯಾಲೊರಿ, ಹೆಚ್ಚು ನಾರು ಇರುವ ತರಕಾರಿ ಅನ್ನವನ್ನೇ ಮುಖ್ಯವಾಗಿ ಉಣ್ಣುವ ಮನೆಗಳಿಗೆ ಒಳ್ಳೆಯದು ಎನ್ನುವುದರಲ್ಲಿ ವಿವಾದವಿಲ್ಲ.

ಎರಡನೆಯದು ಸಿ ಜೀವಸತ್ವ. 16 ಮಿಲಿಗ್ರಾಂ ಎಂದರೆ ಮಹಿಳೆಯ ದಿನದ ಅಗತ್ಯದ ಸುಮಾರು ನಾಲ್ಕನೇ ಒಂದು ಭಾಗ. ಬೇಯಿಸಿದಾಗ ಇದರಲ್ಲಿ ಒಂದು ಪಾಲು ನಷ್ಟವಾಗುತ್ತದೆ ನಿಜ. ಆದರೆ ಪಲ್ಯವನ್ನು ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿದರೆ ನಷ್ಟ ತುಂಬಿಬರುತ್ತದೆ. ಈ ಜೀವಸತ್ವದ ದೊಡ್ಡ ಗುಣವೆಂದರೆ ಧಾನ್ಯ, ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಅದು ಸಹಾಯ ಮಾಡುತ್ತದೆ. ಸಜ್ಜೆ ರೊಟ್ಟಿಯ ಎಂಟು ಮಿಲಿಗ್ರಾಂ ಕಬ್ಬಿಣದಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಧಾನ್ಯದಲ್ಲಿರುವ ಫೈಟೇಟ್ ಎಂಬ ವಸ್ತು ಅದನ್ನು ತಡೆಯುತ್ತದೆ. ರೊಟ್ಟಿಯ ಜೊತೆಗೆ ಹುಳಿ ಹಿಂಡಿದ ತರಕಾರಿ ಇದ್ದಾಗ ಆ ತಡೆ ಸಡಿಲವಾಗುತ್ತದೆ. ಅದರ ಬದಲು ಊಟವಾದ ಕೂಡಲೇ ಚಹಾ ಕುಡಿದರೆ ಅದರ ಟ್ಯಾನಿನ್‌ನಿಂದ ತಡೆ ಮತ್ತಷ್ಟು ಬಿಗಿಯಾಗುತ್ತದೆ.

ಗುಡ್ಡದ ಈಚೆಗೂ ಆಚೆಗೂ ಇರುವ ಎರಡು ಆಹಾರಗಳು ಒಂದೇ ತಟ್ಟೆಯಲ್ಲಿ ಸೇರಬೇಕಾದ ಕಾರಣ ಇಲ್ಲಿದೆ. ಖುಷ್ಕಿ ಹೊಲದ ಸಜ್ಜೆಯಲ್ಲಿ ಕಬ್ಬಿಣವಿದೆ. ತರಿ ಭೂಮಿಯ ಹೂವಿನಲ್ಲಿ, ಅದರ ಮೇಲೆ ಹಿಂಡಿದ ನಿಂಬೆಯಲ್ಲಿ, ಆ ಕಬ್ಬಿಣವನ್ನು ದೇಹಕ್ಕೆ ದಾಟಿಸುವ ಗುಣವಿದೆ. ಜೊತೆಗೆ ಬೇಯಿಸಿದ ಹೆಸರುಬೇಳೆ ಅಥವಾ ಹುರಿದ ಶೇಂಗಾಪುಡಿ ಬೆರೆತರೆ ಸಸಾರಜನಕದ ಕೊರತೆಯೂ ಅಷ್ಟಿಷ್ಟು ನೀಗುತ್ತದೆ. ಬೇರೆ ಬೇರೆಯಾಗಿ ಇವು ಯಾವುವೂ ಮದ್ದಲ್ಲ. ಕೂಡಿದಾಗ ಒಳ್ಳೆಯ ಊಟ.

ತಟ್ಟೆಗೆ ಬರುವ ದಾರಿ

ತೋಟದಲ್ಲಿ ಬೀಳುವ ಹೂವು ಊಟಕ್ಕೆ ಬರಬೇಕಾದರೆ ಏನು ಮಾಡಬಹುದು? ಬಾಳೆಯ ಎಸೆಯುವ ಭಾಗಕ್ಕೂ ಬೆಲೆ ತರಬಹುದು ಎನ್ನಲು ಹತ್ತಿರದ ಉದಾಹರಣೆಯೇ ಇದೆ. ನದಿಯಾಚೆಯ ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಎಂಬ ಸಂಸ್ಥೆಯ ಪ್ರಯತ್ನದಿಂದ ಹಳ್ಳಿಯ ಮಹಿಳೆಯರು ಬಾಳೆನಾರಿನಿಂದ ಚೀಲ, ಬುಟ್ಟಿ, ಚಾಪೆಗಳನ್ನು ಹೆಣೆಯಲು ಕಲಿತರು. ಗೊನೆ ಕಡಿದ ಮೇಲೆ ಕೊಳೆಯುತ್ತಿದ್ದ ಕಾಂಡ ಹೀಗೆ ಕೂಲಿ ತಂದಿತು. ಕಾಂಡಕ್ಕೆ ಸಾಧ್ಯವಾದದ್ದು ಹೂವಿಗೆ ಏಕೆ ಸಾಧ್ಯವಾಗಬಾರದು? ಬಿಡಿಸುವ ತಾಪತ್ರಯವೇ ಜನ ಹೂವನ್ನು ದೂರವಿಡಲು ಮುಖ್ಯ ಕಾರಣವಾದರೆ, ಬಿಡಿಸಿ, ಹೆಚ್ಚಿ, ಮಜ್ಜಿಗೆ ನೀರಿನಲ್ಲಿಟ್ಟು ಮಾರುವ ಕೆಲಸವನ್ನು ಸ್ವಸಹಾಯ ಗುಂಪುಗಳು ಕೈಗೊಳ್ಳಬಹುದು. ಕೊಳ್ಳುವವರೂ ದೂರವಿಲ್ಲ. 2002ರಲ್ಲಿ ‘ಅಕ್ಷರ ದಾಸೋಹ’ದ ಬಿಸಿಯೂಟ ರಾಜ್ಯದಲ್ಲಿ ಮೊದಲು ಆರಂಭವಾದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಸೇರಿತ್ತು. 2017ರಲ್ಲಿ ಬಂದ ‘ಮಾತೃಪೂರ್ಣ’ ಯೋಜನೆ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಊಟ ಕೊಡುವ ಉದ್ದೇಶದ್ದು. ಇಂಥ ಅಡುಗೆಮನೆಗಳ ಸಾಂಬಾರಿಗೆ ವಾರಕ್ಕೊಮ್ಮೆ ಬಾಳೆಹೂವು ಬಿದ್ದರೆ ತರಕಾರಿಯ ಖರ್ಚೂ ಉಳಿಯುತ್ತದೆ, ಮಕ್ಕಳ ನಾಲಿಗೆಗೂ ಹೊಸ ರುಚಿ ಪರಿಚಯವಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಗೊನೆ ಹೊರಡುವ ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸಿದ ಅಥವಾ ಮೊಗ್ಗಿಗೇ ಔಷಧಿ ಚುಚ್ಚಿದ ತೋಟದ ಹೂವನ್ನು ಊಟಕ್ಕೆ ಬಳಸಬಾರದು. ಎಸಳುಗಳ ಮಡಿಕೆಯಲ್ಲಿ ವಿಷ ಉಳಿದುಬಿಡಬಹುದು. ಎಲ್ಲಿಂದ ಬಂದ ಹೂವು ಎಂದು ಕೇಳಿ ಕೊಳ್ಳುವುದು ಒಳ್ಳೆಯದು.

ಹಂಪಿಯಲ್ಲಿ ‘ಭೋಜನಶಾಲೆ’ ಎಂದು ಜನ ಕರೆಯುವ ಜಾಗವೊಂದಿದೆ. ನೀರು ಹರಿಯುವ ಕಲ್ಲಿನ ದೋಣಿಯ ಎರಡೂ ಬದಿಗೆ ಕಲ್ಲಿನಲ್ಲೇ ಕೊರೆದ ತಟ್ಟೆಗಳ ಸಾಲು. ಅನ್ನಕ್ಕೆ ದೊಡ್ಡ ತಗ್ಗು, ಪಲ್ಯ ವ್ಯಂಜನಗಳಿಗೆ ಸುತ್ತ ಸಣ್ಣ ಸಣ್ಣ ತಗ್ಗುಗಳು. ನೋಡಲು ಬಂದವರು ಅಲ್ಲಿ ರಾಜವೈಭವವನ್ನು ನೆನೆಯುತ್ತಾರೆ. ನೆನೆಯಬೇಕಾದದ್ದು ಆ ಸಣ್ಣ ತಗ್ಗುಗಳನ್ನು. ಧಾನ್ಯವೊಂದರಿಂದಲೇ ಊಟವಾಗುವುದಿಲ್ಲ, ಅದರ ಸುತ್ತ ನಾಲ್ಕಾರು ಬಗೆ ಬೇಕು ಎಂಬ ತಿಳಿವಳಿಕೆ ಆ ಕಲ್ಲಿನಲ್ಲಿದೆ. ಕಾರ್ನಿಷ್ 1877ರಲ್ಲಿ ಸರ್ಕಾರದೊಂದಿಗೆ ಜಗಳವಾಡಿದ್ದೂ ಇದೇ ಮಾತಿಗೆ. ಸಂಡೂರು, ಯಶವಂತನಗರ, ಕಂಪ್ಲಿಯ ಬಡವರ ತಟ್ಟೆಯಲ್ಲಿ ಇಂದಿಗೂ ಖಾಲಿ ಉಳಿಯುವುದು ಆ ಸಣ್ಣ ತಗ್ಗುಗಳೇ. ಅವುಗಳಲ್ಲಿ ಒಂದನ್ನು ತುಂಬಲು ಬೇಕಾದದ್ದು ಪಕ್ಕದ ತೋಟದಲ್ಲಿ, ಮುರಿದು ಬಿಸುಟ ಮೂತಿಯ ರೂಪದಲ್ಲಿ ಬಿದ್ದಿದೆ.